ಊರೂರ ನೀರಿನ ಲೆಕ್ಕ ಒಂದೇ ಕಡೆ ಸೇರಿಸೋಣ: ಯಾವ ಅಂಕಿ ತಗೊಳ್ಳೋದು, ಯಾವುದನ್ನ ಬಿಡೋದು?

ಕೆರೆಕೋಡಿ
ನಾನಿರೋದು ಬೆಂಗಳೂರಿನ ಹೊರವಲಯದಲ್ಲಿ, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ. ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಅಂತ ಕೇಳಿದ್ರೆ ನಮ್ಮ ಬೀದಿಯಲ್ಲಿ ಹಾಲು ಹಾಕೋ ಹುಡುಗನೂ ಹೇಳ್ತಾನೆ. 124.80 ಅಡಿ ಮುಟ್ಟಿದ್ರೆ ಬಾಗಿನ, ಟಿವಿಯಲ್ಲಿ ನೇರಪ್ರಸಾರ. ಆದ್ರೆ ನಮ್ಮ ಬಡಾವಣೆಯ ಓವರ್‌ಹೆಡ್ ಟ್ಯಾಂಕಿಗೆ ನಿನ್ನೆ ಎಷ್ಟು ನೀರು ಏರಿತು ಅಂತ ಕೇಳಿ, ಒಬ್ಬರ ಹತ್ರಾನೂ ಉತ್ತರ ಇಲ್ಲ.

2024ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಗಳು ಕೊಟ್ಟ ಲೆಕ್ಕ ನೆನಪಿದೆಯಲ್ಲ: ಬೆಂಗಳೂರಿಗೆ ದಿನಕ್ಕೆ 2,600 ಎಂಎಲ್‌ಡಿ (ಒಂದು ಎಂಎಲ್‌ಡಿ ಅಂದ್ರೆ ದಿನಕ್ಕೆ ಹತ್ತು ಲಕ್ಷ ಲೀಟರ್) ಬೇಕು, ಕಾವೇರಿಯಿಂದ 1,470, ಕೊಳವೆಬಾವಿಗಳಿಂದ 650, ಕೊರತೆ ಸುಮಾರು 500. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆ ಆಯ್ತು, ಮೇಲೆ 775 ಎಂಎಲ್‌ಡಿ. ಕಾಗದದ ಮೇಲೆ ಕೊರತೆ ತೀರಿಹೋಯ್ತು. ಯಾವ ಬೀದಿಗೆ ಎಷ್ಟು ಬಂತು?

ನನ್ನ ಯೋಚನೆ ಇಷ್ಟು. ಎಲ್ಲರೂ ನೋಡಬಹುದಾದ, ಎಲ್ಲರೂ ತುಂಬಬಹುದಾದ ಒಂದು ಶೀಟ್ ಮಾಡೋಣ. ಬೆಂಗಳೂರು ಒಂದೇ ಅಲ್ಲ, ರಾಜ್ಯದ ಎಲ್ಲ ಊರೂ ಇರಲಿ. ಸರ್ಕಾರಿ ಅಂಕಿ ಒಂದು ಕಡೆ, ನಾವು ಕಂಡಿದ್ದು ಇನ್ನೊಂದು ಕಡೆ. ಯಾವ ಯಾವ ಕಾಲಂ ಇರಬೇಕು ಅಂತ ಗೊತ್ತಿರೋರು ಹೇಳಿ.

ಎರಡನೇ ಅಡ್ಡರಸ್ತೆ
ಶೀಟ್ ತುಂಬಿದ್ರೆ ಸಂಪ್ ತುಂಬತ್ತಾ ಗುರು?

ನಿವೃತ್ತ ಎಇಇ
ಕೆರೆಕೋಡಿ ಅವರೇ, ಉದ್ದೇಶ ಒಳ್ಳೆಯದು. ಆದರೆ ‘ಎಷ್ಟು ನೀರು’ ಅನ್ನುವುದಕ್ಕಿಂತ ಮೊದಲು ‘ಎಲ್ಲಿ ಅಳೆದದ್ದು’ ಅಂತ ಕೇಳಬೇಕು. ಮೂವತ್ತು ವರ್ಷ ನೀರು ಸರಬರಾಜಿನ ಎಂಜಿನಿಯರಾಗಿ ಇದೇ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ದಾಟಿ, ಸುಮಾರು ನೂರು ಕಿಲೋಮೀಟರ್ ಹಾದಿ ಸವೆಸಿ ಊರಿಗೆ ಬರುತ್ತದೆ. ಅಲ್ಲಿಂದ ನೆಲಮಟ್ಟದ ಜಲಾಗಾರ, ಅಲ್ಲಿಂದ ವಾಲ್ವ್, ಕೊನೆಗೆ ನಿಮ್ಮ ಮೀಟರ್. ಈ ಪ್ರತಿ ಮೆಟ್ಟಿಲಲ್ಲೂ ಒಂದೊಂದು ಅಂಕಿ ಇದೆ, ಒಂದಕ್ಕೊಂದು ಹೊಂದುವುದಿಲ್ಲ. ಪತ್ರಿಕೆಯಲ್ಲಿ ಬರುವುದು ಬಹುಪಾಲು ಮೊದಲನೆಯದು, ಅದೂ ಎಷ್ಟೋ ಸಲ ಘಟಕದ ಸಾಮರ್ಥ್ಯ. ನಿಮಗೆ ಮುಟ್ಟುವುದು ಕೊನೆಯದು. ನಡುವೆ ಕರಗಿದ್ದನ್ನು ‘ಲೆಕ್ಕಕ್ಕೆ ಸಿಗದ ನೀರು’ ಅನ್ನುತ್ತೇವೆ: ಸೋರಿಕೆ, ಅಕ್ರಮ ಸಂಪರ್ಕ, ಓಡದ ಮೀಟರ್, ಪುಕ್ಕಟೆ ಬೀದಿ ಕೊಳಾಯಿ, ಎಲ್ಲ ಸೇರಿ.

ಸಣ್ಣ ಊರುಗಳಲ್ಲಿ ಇನ್ನೊಂದು ಕಥೆ. ಒಟ್ಟು ಹರಿವು ಅಳೆಯುವ ಬಲ್ಕ್ ಮೀಟರ್ ಇಲ್ಲದ ಕಡೆ ಪಂಪ್ ಎಷ್ಟು ಗಂಟೆ ಓಡಿತು ಅಂತ ನೋಡಿ, ಅದನ್ನು ಪಂಪಿನ ಫಲಕದ ಮೇಲೆ ಬರೆದ ಪ್ರಮಾಣದಿಂದ ಗುಣಿಸುತ್ತಾರೆ. ಪಂಪ್ ಹೊಸದಾಗಿದ್ದಾಗ ಅದು ಸರಿ. ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದ ಮೇಲೂ ಗುಣಾಕಾರ ಅದೇ. ಹಾಗಾಗಿ ಊರಿನ ನೀರು ಕಾಗದದಲ್ಲಿ ಯಾವತ್ತೂ ಕಡಿಮೆಯಾಗುವುದೇ ಇಲ್ಲ.

2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಸೇವಾ ಮಟ್ಟದ ಮಾನದಂಡಗಳ ಕೈಪಿಡಿ ತಂದಿತು. ಒಟ್ಟು 28 ಸೂಚಕ, ಅದರಲ್ಲಿ ಕುಡಿಯುವ ನೀರಿಗೆ 9. ದಿನಕ್ಕೆ ತಲಾ 135 ಲೀಟರ್, 24 ಗಂಟೆ ಪೂರೈಕೆ, ಲೆಕ್ಕಕ್ಕೆ ಸಿಗದ ನೀರು ಶೇ 20ರೊಳಗೆ, ಹೀಗೆ. ಎಲ್ಲರೂ ಈ ಗುರಿಗಳನ್ನೇ ಉದ್ಧರಿಸುತ್ತಾರೆ. ನನಗೆ ಅದರಲ್ಲಿ ಅತ್ಯಂತ ಹಿಡಿಸಿದ್ದು ಪ್ರತಿ ಸೂಚಕದ ಕೆಳಗಿರುವ ನಂಬಿಕೆಯ ದರ್ಜೆ, ಎ ಇಂದ ಡಿ ತನಕ. ಮೀಟರ್ ಹಾಕಿ ಅಳೆದಿದ್ದರೆ ಎ, ಅಂದಾಜಿದ್ದರೆ ಡಿ. ನಿಮ್ಮ ಶೀಟಿನಲ್ಲಿ ಬೇರೆ ಏನಿಲ್ಲದಿದ್ದರೂ ಈ ಒಂದು ಕಾಲಂ ಇರಲಿ.

ಕೆರೆಕೋಡಿ
ಸರ್, ತಲಾ 135 ಲೀಟರ್ ಅಂದ್ರಲ್ಲ, ಅದನ್ನ ಯಾವ ಜನಸಂಖ್ಯೆಗೆ ಭಾಗಿಸ್ತಾರೆ?

ನಿವೃತ್ತ ಎಇಇ
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. 2011ರ ನಂತರ ಜನಗಣತಿಯ ಅಂಕಿ ಬಂದಿಲ್ಲ. ಐದನೇ ಹಂತಕ್ಕೂ ಮುಂಚಿನ 1,450 ಎಂಎಲ್‌ಡಿಯನ್ನೇ ತೆಗೆದುಕೊಳ್ಳಿ. 2011ರ ಪಾಲಿಕೆ ವ್ಯಾಪ್ತಿಯ 84 ಲಕ್ಷ ಜನಕ್ಕೆ ಹಂಚಿದರೆ ತಲಾ 172 ಲೀಟರ್, ಪಾಸು. 1.3 ಕೋಟಿ ಅಂತ ಇಟ್ಟುಕೊಂಡು ಹಂಚಿದರೆ 111, ನಪಾಸು. ನೀರು ಒಂದು ಹನಿಯೂ ಹೆಚ್ಚುಕಡಿಮೆ ಆಗಿಲ್ಲ. ಸೋರಿದ್ದನ್ನು ಇನ್ನೂ ಕಳೆದೇ ಇಲ್ಲ ನೋಡಿ.

ಆದ್ದರಿಂದ ತಲಾ ಲೀಟರ್ ಅಂತ ಸಿದ್ಧ ಅಂಕಿ ತುಂಬಬೇಡಿ. ಮೂಲ ಅಂಕಿ ತುಂಬಿ: ಎಷ್ಟು ನೀರು, ಎಷ್ಟು ಸಂಪರ್ಕ, ಎಷ್ಟು ಕಿಲೋಮೀಟರ್ ಕೊಳವೆ, ಎಷ್ಟು ಬಿಲ್ ಆಯಿತು. ಭಾಗಾಕಾರ ಆಮೇಲೆ ಯಾರು ಬೇಕಾದರೂ ಮಾಡಿಕೊಳ್ಳಲಿ. 1990ರ ದಶಕದಲ್ಲಿ ವಿಶ್ವಬ್ಯಾಂಕಿನವರು ದೇಶದೇಶಗಳ ನೀರು ಸಂಸ್ಥೆಗಳನ್ನು ಹೋಲಿಸಲು ಐಬಿನೆಟ್ ಅಂತ ಶುರು ಮಾಡಿದರಲ್ಲ, ಅದರ ನಮೂನೆಯೂ ಹೀಗೇ. ಸಂಸ್ಥೆಗಳು ಮೂಲ ಅಂಕಿ ಕೊಡುತ್ತವೆ, ಸೂಚಕವನ್ನು ಎಕ್ಸೆಲ್ ಲೆಕ್ಕ ಹಾಕುತ್ತದೆ.

ಹುಬ್ಬಳ್ಳಿ ಓಣಿ
ಸರ್, ನಿಮ್ಮ 24 ಗಂಟೆ ಪೂರೈಕೆ ಸೂಚಕದ ಬಗ್ಗೆ ನಂದೊಂದು ತಕರಾರು ಐತ್ರಿ. ಎಂಟು ದಿನಕ್ಕೊಮ್ಮೆ ನಾಕು ತಾಸು ನೀರು ಬಿಟ್ರ, ಸರಾಸರಿ ತಗದ್ರ ದಿನಕ್ಕ ಅರ್ಧ ತಾಸು ಅಂತ ಬರತೈತಿ. ದಿನಾ ಅರ್ಧ ತಾಸು ಬರೋ ಊರಿಗೂ ಅದೇ ಅಂಕಿ. ಆ ಊರಾಗ ಎರಡು ಕೊಡ ಇದ್ರ ಸಾಕು. ನಮಗ ಬ್ಯಾರಲ್, ಸಿಂಟೆಕ್ಸ್, ನೀರಿನ ತೊಟ್ಟಿ, ಎಲ್ಲಾ ಬೇಕು. ಏಳನೇ ದಿನದ ನೀರಾಗ ಹುಳ ಕಾಣತಾವ.

ನಮ್ಮ ಅವಳಿ ನಗರದಾಗ 2008ರಾಗ ಕೆಲವು ವಾರ್ಡಿಗೆ ದಿನದ 24 ತಾಸು ನೀರು ಕೊಟ್ರು. ಬೆಳಗಾವಿ, ಕಲಬುರಗಿಗೂ ಆವಾಗ್ಲೇ. ನಮ್ಮೂರಾಗ ಎರಡೂ ಕಡೆ ಮಲಪ್ರಭಾ ನೀರ, ಒಂದು ಓಣ್ಯಾಗ ಯಾವಾಗ್ಲೂ ನೀರು, ಬಾಜೂ ಓಣ್ಯಾಗ ವಾರಗಟ್ಲೆ ಕಾಯೂದು. ಇದನ್ನ ನೋಡಿ ಅಮೆರಿಕದ ಬರ್ಕ್ಲಿ ವಿದ್ಯಾಪೀಠದವರು ಬಂದು ಎರಡೂ ಕಡಿ ನಳದ ನೀರು ಪರೀಕ್ಷೆ ಮಾಡಿದ್ರು. ಬಿಟ್ಟು ಬಿಟ್ಟು ಬರೋ ಕಡಿ ಮೂರರಾಗ ಒಂದರಷ್ಟು ಮಾದರಿಯೊಳಗ ಇ.ಕೋಲಿ (ಮಲದಿಂದ ಬರೂ ಬ್ಯಾಕ್ಟೀರಿಯಾ), ಸದಾ ಬರೋ ಕಡಿ ನೂರಕ್ಕ ಒಂದೂ ಇಲ್ಲ. ಕೊಳವಿ ಖಾಲಿ ಬಿದ್ದಾಗ ಹೊರಗಿನ ಹೊಲಸು ಒಳಗ ಎಳಕೊಂತೈತಿ, ನೀರು ಬಂದ ಕೂಡ್ಲೇ ಅದೇ ಮೊದಲು ಬರತೈತಿ. ನಮ್ಮ ಅವ್ವ ಮೊದಲಿನ ಎರಡು ಕೊಡ ಅಂಗಳಕ್ಕ ಚೆಲ್ಲತಾಳ, ಆಕಿಗೆ ಯಾರೂ ಹೇಳಿಕೊಟ್ಟಿಲ್ಲ.

ಅದಕ್ಕ ಸರಾಸರಿ ಬ್ಯಾಡ್ರಿ. ಬಂದ ದಿನ, ಬಂದ ಹೊತ್ತು, ನಿಂತ ಹೊತ್ತು. ಮೂರು ಕಾಲಂ.

ಪಂಚಾಯ್ತಿ ಕಟ್ಟೆ
ಹಳ್ಳಿಗಳದ್ದೂ ಇದೇ ಹಣೆಬರಹ ಅಕ್ಕ. 2019ರಿಂದ ಜಲಜೀವನ್ ಮಿಷನ್ ಡ್ಯಾಶ್‌ಬೋರ್ಡ್ ಇದೆ, ಗ್ರಾಮವಾರು ತೆರೆದು ನೋಡಬಹುದು, ಅಷ್ಟು ಒಳ್ಳೆಯದೇ. ಆದ್ರೆ ಮುಖಪುಟದಲ್ಲಿ ಎದ್ದು ಕಾಣೋದು ಎಷ್ಟು ಮನೆಗೆ ನಲ್ಲಿ ಹಾಕಿದ್ವಿ ಅನ್ನೋದು. ಆ ನಲ್ಲಿಯಲ್ಲಿ ಮಿಷನ್ ಹೇಳೋ ಹಾಗೆ ದಿನಕ್ಕೆ ತಲಾ 55 ಲೀಟರ್ ಬಂತಾ ಅನ್ನೋದು ನೀರುಗಂಟಿಗೆ ಮಾತ್ರ ಗೊತ್ತು.

ತುಂಬೆ
ಮಂಗಳೂರಿನವರಿಗೆ ಏಪ್ರಿಲ್-ಮೇನಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ಮಟ್ಟ ಬಾಯಿಪಾಠ ಮಾರಾಯ್ರೆ. 6 ಮೀಟರ್ ಅಂದ್ರೆ ನಿಶ್ಚಿಂತೆ, 4 ಅಂದ್ರೆ ರೇಷನಿಂಗ್ ಸುದ್ದಿ. ಆದ್ರೆ ಎತ್ತರದ ಗುಡ್ಡದ ಮೇಲಿನ ಮನೆಗಳಿಗೆ 6 ಮೀಟರ್ ಇದ್ದಾಗಲೂ ನೀರು ಹತ್ತುವುದಿಲ್ಲ. ಮನೆ ಎತ್ತರದಲ್ಲಿದೆಯಾ ತಗ್ಗಿನಲ್ಲಿದೆಯಾ ಅಂತಲೂ ಒಂದು ಕಾಲಂ ಬೇಕು.

ಲೆಕ್ಕಪತ್ರ
ಘಟಕಗಳನ್ನ ಮೊದಲೇ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಗೋಳು. ಒಬ್ಬರು ಟಿಎಂಸಿ, ಒಬ್ಬರು ಕ್ಯುಸೆಕ್, ಒಬ್ಬರು ಎಂಎಲ್‌ಡಿ, ಟ್ಯಾಂಕರ್‌ನವರು ‘ಲೋಡ್’. 1 ಕ್ಯುಸೆಕ್ ದಿನವಿಡೀ ಹರಿದರೆ ಸುಮಾರು 2.45 ಎಂಎಲ್‌ಡಿ. 1 ಟಿಎಂಸಿ ಅಂದ್ರೆ ಸುಮಾರು 2,832 ಕೋಟಿ ಲೀಟರ್. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿಗೆ ಸಿಕ್ಕ ಹೆಚ್ಚುವರಿ 4.75 ಟಿಎಂಸಿಯನ್ನ 365 ದಿನಕ್ಕೆ ಹಂಚಿದ್ರೆ ದಿನಕ್ಕೆ 368 ಎಂಎಲ್‌ಡಿ ಅಷ್ಟೇ. ಹಾಗಿದ್ರೆ 775 ಎಲ್ಲಿಂದ ತರ್ತಾರೆ?

ನಿವೃತ್ತ ಎಇಇ
ಗುಣಾಕಾರ ಸರಿ, ತೀರ್ಮಾನ ಸರಿಯಲ್ಲ. ಕಾವೇರಿ ನ್ಯಾಯಮಂಡಳಿಯ ಲೆಕ್ಕದಲ್ಲಿ ಕುಡಿಯುವ ನೀರಿನ ಶೇ 20 ಮಾತ್ರ ‘ಬಳಕೆ’, ಉಳಿದದ್ದು ಒಳಚರಂಡಿಯಾಗಿ ಮರಳುತ್ತದೆ ಅಂತ ಗಣನೆ. ಆ 4.75 ಈ ಬಳಕೆಯ ಲೆಕ್ಕ, ನದಿಯಿಂದ ಎತ್ತುವ ಪ್ರಮಾಣ ಅದರ ಐದು ಪಟ್ಟು. ಅಂಕಿಯ ಜೊತೆ ಅದರ ವ್ಯಾಖ್ಯೆಯನ್ನೂ ಒಂದು ಸಾಲಿನಲ್ಲಿ ಬರೆದಿಟ್ಟರೆ ಇಂಥ ಜಗಳ ಅರ್ಧ ಕಡಿಮೆಯಾಗುತ್ತದೆ.

ಲೆಕ್ಕಪತ್ರ
ಗೊತ್ತಾಯ್ತು ಸರ್. ವ್ಯಾಖ್ಯೆಗೆ ಬೇರೆ ಹಾಳೆ ಮಾಡ್ತೀನಿ.

ಹತ್ತು ರೂಪಾಯಿ ಅರ್ಜಿ
ಸರ್ಕಾರಿ ಅಂಕಿ ಎಲ್ಲಿಂದ ತರೋದು ಅನ್ನೋ ವಿಷಯಕ್ಕೆ ಬರೋಣ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ 17 ಬಗೆಯ ಮಾಹಿತಿಯನ್ನ ನಾವು ಕೇಳದೇನೇ ಪ್ರಕಟಿಸಬೇಕು. ಎಷ್ಟೋ ಕಚೇರಿಗಳ ವೆಬ್‌ಸೈಟಿನಲ್ಲಿ ಇದು ಅಧಿಕಾರಿಗಳ ಹೆಸರು, ಸಂಬಳದ ಪಟ್ಟಿಗೆ ಮುಗಿದುಹೋಗುತ್ತೆ. ಹಾಗಾಗಿ ಅರ್ಜಿ.

ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಹೊಸಬರು ಎಡವೋದು ಇಲ್ಲೇ. ‘ನಮ್ಮ ಬಡಾವಣೆಗೆ ಯಾಕೆ ನೀರು ಬರುತ್ತಿಲ್ಲ, ಯಾರು ಹೊಣೆ’ ಅಂತ ಬರೆದ್ರೆ, ಇದು ಮಾಹಿತಿ ಅಲ್ಲ, ದೂರು ಅಂತ ವಾಪಸ್. ದಾಖಲೆಯ ಹೆಸರು ಹಿಡಿದು ಕೇಳಬೇಕು: ಇಂಥ ಪಂಪ್‌ಹೌಸಿನ ಇಂಥ ತಿಂಗಳ ಲಾಗ್‌ಬುಕ್ ಪ್ರತಿ, ಇಂಥ ಜಲಾಗಾರದ ಮಟ್ಟದ ರಿಜಿಸ್ಟರ್ ಪ್ರತಿ. ನೀರಿನ ಗುಣಮಟ್ಟ ಬೇಕಿದ್ರೆ ಅದಕ್ಕೆ ಬೇರೆ ಅರ್ಜಿ, ಮತ್ತೆ 10 ರೂಪಾಯಿ.

ಒಂದು ಕಚೇರಿಯಲ್ಲಿ ನನಗೆ ಲಾಗ್‌ಬುಕ್ ಕೈಗೆ ಕೊಟ್ಟು ನೋಡ್ಕೊಳ್ಳಿ ಅಂದ್ರು. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಅಕ್ಷರ, ಪ್ರತಿ ಗಂಟೆಗೂ ಅದೇ ಒತ್ತಡ, ಅದೇ ಆಂಪಿಯರ್. ನಡುವೆ ಊರಲ್ಲಿ ಎರಡು ದಿನ ಕರೆಂಟೇ ಇರಲಿಲ್ಲ, ಪುಸ್ತಕದಲ್ಲಿ ಪಂಪ್ ಓಡ್ತಾ ಇದೆ! ಇಂಥದ್ದಕ್ಕೇ ಪ್ರತಿ ತಗೊಳ್ಳೋದರ ಜೊತೆ ಕಡತ ಪರಿಶೀಲನೆಯನ್ನೂ ಕೇಳಿ, ಕಲಂ 2(ಜೆ)ಯಲ್ಲಿ ಆ ಹಕ್ಕಿದೆ. ವಿದ್ಯುನ್ಮಾನ ರೂಪದಲ್ಲಿ ಕೇಳೋಕೂ ಅದೇ ಕಲಂ. ಕಾಯ್ದೆಯಲ್ಲಿ ಇನ್ನೂ ‘ಫ್ಲಾಪಿ’ ಅಂತಿದೆ, ಪೆನ್‌ಡ್ರೈವ್ ಒಯ್ಯಿರಿ. 30 ದಿನದಲ್ಲಿ ಉತ್ತರ ಬರದಿದ್ರೆ ಮೊದಲ ಮೇಲ್ಮನವಿ.

ನುಡಿ ಟು ಯುನಿಕೋಡ್
ಪೆನ್‌ಡ್ರೈವಲ್ಲಿ ಸಿಗೋ ಪಿಡಿಎಫ್‌ನ ಕಷ್ಟ ನನ್ನನ್ನ ಕೇಳಿ. ಅರ್ಧ ಕಡತ ಸ್ಕ್ಯಾನ್ ಮಾಡಿದ ಫೋಟೋ, ಅದೂ ವಾರೆಯಾಗಿ. ಇನ್ನರ್ಧ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಕಾಪಿ ಮಾಡಿದ್ರೆ ಊರ ಹೆಸರಿನ ಜಾಗದಲ್ಲಿ ಯುರೋಪಿನ ಯಾವುದೋ ಲಿಪಿ ಬರುತ್ತೆ. ಅಂಕಿ ಮಾತ್ರ ನೆಟ್ಟಗೆ ಉಳಿಯುತ್ತೆ. ಎಷ್ಟು ನೀರು ಅಂತ ಗೊತ್ತಾಗುತ್ತೆ, ಯಾವ ಊರಿಗೆ ಅಂತ ಗೊತ್ತಾಗಲ್ಲ. ಪರಿವರ್ತಕ ಹಾಕಿದ್ರೂ ಅರ್ಕಾವೊತ್ತು ಕೆಲವು ಸಲ ಪಕ್ಕದ ಅಕ್ಷರಕ್ಕೆ ಹಾರುತ್ತೆ, ಕಣ್ಣಲ್ಲೇ ನೋಡಿ ತಿದ್ದಬೇಕು.

ಇನ್ನು ಹೆಸರು. 2014ರ ನವೆಂಬರ್ 1ಕ್ಕೆ 12 ಊರುಗಳ ಹೆಸರು ಬದಲಾಯ್ತಲ್ಲ, ಹಳೇ ಕಡತದಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ, ಕಂಪ್ಯೂಟರಿಗೆ ಅವು ಎರಡು ಊರು. ಹೆಸರಿನ ಪಕ್ಕ ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ಸಂಕೇತ ಸಂಖ್ಯೆ ಹಾಕಿ. ಸರಿ ಮಾಡಿದ ಕೋಷ್ಟಕ ನಿಮ್ಮ ಲ್ಯಾಪ್‌ಟಾಪಲ್ಲೇ ಕೊಳೆಯೋದು ಬೇಡ, ಓಪನ್‌ಸಿಟಿಯಂಥ ತಾಣಕ್ಕೆ ಏರಿಸಿ. ಮೂಲ ಪಿಡಿಎಫ್ ಕೂಡ ಜೊತೆಗಿರಲಿ, ಅನುಮಾನ ಬಂದೋರು ಹೋಲಿಸಿ ನೋಡ್ತಾರೆ.

ನಕ್ಷೆ
ವಾರ್ಡ್ ನಂಬರ್ ಅಂತ ಕಾಲಂ ಹಾಕೋಕೆ ಹೊರಟಿದ್ರೆ ನಿಲ್ಲಿಸಿ. ಬೆಂಗಳೂರಲ್ಲಿ 198 ಇದ್ದದ್ದು 243 ಆಯ್ತು, ಆಮೇಲೆ 225, 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ, ಮತ್ತೆ ಹೊಸ ಗಡಿ. ಜಲಮಂಡಳಿಯ ಉಪವಿಭಾಗಗಳು ಇದ್ಯಾವುದಕ್ಕೂ ಹೊಂದಲ್ಲ, ಅವು ಕೊಳವೆ ಹೋದ ದಾರೀಲಿ ಹೋಗ್ತವೆ. ಬೀದಿಯ ಹೆಸರು, ಹತ್ತಿರದ ಗುರುತು, ಮ್ಯಾಪಿನಲ್ಲಿ ಒಂದು ಅಂದಾಜು ಚುಕ್ಕೆ ಸಾಕು. ಮುಂದೆ ಗಡಿ ಎಷ್ಟು ಸಲ ಬದಲಾದ್ರೂ ಚುಕ್ಕೆ ಅಲ್ಲೇ ಇರುತ್ತೆ.

ಚುಕ್ಕೆ ಬೀದಿಯ ಮಧ್ಯದಲ್ಲಿರಲಿ, ಮನೆಯ ಮೇಲೆ ಬೇಡ. ಆರ್‌ಆರ್ ನಂಬರ್ (ನಲ್ಲಿ ಸಂಪರ್ಕದ ಸಂಖ್ಯೆ), ಬಿಲ್ಲಿನ ಫೋಟೋ ಯಾವುದನ್ನೂ ಹಾಕ್ಬೇಡಿ. ಯಾರ ಮನೆ ತಿಂಗಳುಗಟ್ಟಲೆ ಖಾಲಿ ಇದೆ ಅಂತ ಮೀಟರ್ ರೀಡಿಂಗ್ ನೋಡಿದ್ರೆ ಕಳ್ಳನಿಗೂ ಗೊತ್ತಾಗುತ್ತೆ.

ವಾಟರ್‌ಮನ್ ಮಗ
ಇಷ್ಟೊತ್ತು ಸುಮ್ನೆ ಓದ್ತಾ ಇದ್ದೆ. ನಮ್ಮಪ್ಪ ಒಂದು ಪುರಸಭೆಯಲ್ಲಿ ವಾಟರ್‌ಮನ್, ಗುತ್ತಿಗೆ ಮೇಲೆ. ಯಾರೋ ಗ್ರೂಪಲ್ಲಿ ಅವರ ನಂಬರ್ ಹಾಕಿ ‘ಇವನೇ ನಮ್ಮ ಬೀದಿಗೆ ನೀರು ಬಿಡದವನು’ ಅಂತ ಬರೆದ್ರು. ಆಮೇಲಿಂದ ಫೋನ್ ಆಫ್ ಮಾಡಿಟ್ಕೊಳ್ಳೋ ಪರಿಸ್ಥಿತಿ. ಅಪ್ಪನ ಕೈಲಿರೋದು ವಾಲ್ವಿನ ಚಾವಿ ಅಷ್ಟೇ. ಜಾಕ್‌ವೆಲ್‌ನಲ್ಲಿ (ಹೊಳೆ ನೀರು ಎತ್ತೋ ಬಾವಿ) ಕರೆಂಟ್ ಹೋದ್ರೆ, ಮೇನ್ ಲೈನ್ ಒಡೆದ್ರೆ, ಟ್ಯಾಂಕಲ್ಲಿ ಮಟ್ಟ ಏರದಿದ್ರೆ ಅವರೇನು ಮಾಡ್ತಾರೆ? ಬೈಸಿಕೊಳ್ಳೋದು ಮಾತ್ರ ಅವರು.

ಯಾವ ವಾಲ್ವ್ ತಿರುಗಿಸಿದ್ರೆ ಯಾವ ಬೀದಿಗೆ ನೀರು, ಎಷ್ಟು ಸುತ್ತು ತಿರುಗಿಸಿದ್ರೆ ತುದಿ ಮನೆವರೆಗೆ ಒತ್ತಡ ನಿಲ್ಲುತ್ತೆ, ಇದು ಯಾವ ನಕ್ಷೆಯಲ್ಲೂ ಇಲ್ಲ. ಅಪ್ಪನ ಹತ್ರ ಒಂದು ಜೇಬು ಡೈರಿ ಇದೆ. ಮಳೇಲಿ ನೆನೆದು ಇಂಕು ಹರಡಿದೆ. ‘ಮಾರಮ್ಮನ ಗುಡಿ ಎಡ 11 ಸುತ್ತು, ಗಿರಣಿ ಹಿಂದೆ ಅರ್ಧ ಮಾತ್ರ, ಪೂರ್ತಿ ಬಿಟ್ಟರೆ ಲೀಕ್’ ಹೀಗೆ. ಅಪ್ಪ ರಿಟೈರ್ ಆದ್ರೆ ಊರಿನ ನೀರು ಸರಬರಾಜಿನ ಅರ್ಧ ಮಾಹಿತಿ ಆ ಡೈರಿ ಜೊತೆ ಮನೆಗೆ ಬರುತ್ತೆ. ನಿಮ್ಮ ಶೀಟ್ ಇದನ್ನ ಹಿಡಿದಿಟ್ಟುಕೊಳ್ಳೋದಾದ್ರೆ ನಾನೇ ಕೂತು ಟೈಪ್ ಮಾಡಿಕೊಡ್ತೀನಿ. ಆದ್ರೆ ಹೆಸರು ಬೇಡ, ನಂಬರ್ ಬೇಡ. ನೀರು ಬರದೇ ಇದ್ದಾಗ ‘ಕಾರಣ’ ಅಂತ ಒಂದು ಕಾಲಂ ಇಡಿ.

ಹುಬ್ಬಳ್ಳಿ ಓಣಿ
ತಮ್ಮಾ, ನಿನ್ನ ಮಾತು ಖರೇ ಐತಿ. ನಮ್ಮ ಊರಾಗ ನೆಕ್ಸ್ಟ್‌ಡ್ರಾಪ್ ಅಂತ ಒಂದು ಕಂಪನಿ ಇತ್ತು. ವಾಲ್ವ್‌ಮನ್‌ಗಳು ವಾಲ್ವ್ ತಗಿಯೂ ಮುಂದ ಫೋನ್ ಹಚ್ಚಿ ಹೇಳೂದು, ಕಂಪನಿಯವರು ಮನಿಮನಿಗೆ ಮೆಸೇಜ್ ಕಳಸೂದು. ಸ್ಮಾರ್ಟ್‌ಫೋನ್ ಭಾಳ ಮಂದಿ ಕಡೆ ಇರದ ಕಾಲ. ಅಂದ್ರ ಇಡೀ ವ್ಯವಸ್ಥಾ ನಿಂತಿದ್ದು ವಾಲ್ವ್‌ಮನ್ ಫೋನ್ ಮಾಡ್ತಾನೋ ಇಲ್ಲೋ ಅನ್ನೂದರ ಮ್ಯಾಲ. ಅವರಿಗೆ ಬೈಗುಳ ಸಿಕ್ಕರ ಯಾಕ ಮಾಡ್ತಾರ ಹೇಳ್ರಿ.

ಬೀಕರ್
ಗುಣಮಟ್ಟದ ಬಗ್ಗೆ ನಾನು ಹೇಳ್ತೀನಿ, ನೀರು ಪರೀಕ್ಷೆಯ ಲ್ಯಾಬಲ್ಲೇ ಕೆಲಸ. ಮನೇಲಿ ಟಿಡಿಎಸ್ ಪೆನ್ ಅದ್ದಿ ಬಂದ ಅಂಕಿಯನ್ನ ‘ನೀರು ಶುದ್ಧ’ ಅಂತ ಶೀಟಿಗೆ ಹಾಕ್ಬೇಡಿ, ದಯವಿಟ್ಟು. ಅದು ಕರಗಿದ ಲವಣ ತೋರಿಸುತ್ತೆ, ರೋಗಾಣು ತೋರಿಸಲ್ಲ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ಮೂಲ ಇಲ್ಲದಿದ್ರೆ 2,000 ತನಕ ಒಪ್ಪಬಹುದು. ಕೊಳಾಯಿ ನೀರಿಗೆ ಮುಖ್ಯ ಉಳಿಕೆ ಕ್ಲೋರಿನ್, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಹನಿ ಹಾಕಿ ಬಣ್ಣ ನೋಡೋ ಕಿಟ್ ಸಾಕು. ಆದ್ರೆ ಹಿಡಿಯೋದು ನೇರ ಕೊಳಾಯಿಯಿಂದ, ಸಂಪಿನಿಂದಲ್ಲ, ಹಿಡಿದ ತಕ್ಷಣ ನೋಡಬೇಕು. ಕ್ಲೋರಿನ್ ಆರಿಹೋಗುತ್ತೆ, ಸಂಜೆ ನೋಡಿದ್ರೆ ಸೊನ್ನೆ ಬರುತ್ತೆ, ಸುಮ್ನೆ ಗಾಬರಿ.

ಕೊಳವೆಬಾವಿ ನೀರು ಕುಡಿಯೋ ಕಡೆ ನೈಟ್ರೇಟ್ 45, ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದೆಯಾ ನೋಡ್ಬೇಕು, ಪಾವಗಡ ಕಡೆಯವರು ವಿಶೇಷವಾಗಿ. ಇದು ಮನೇಲಿ ಆಗೋ ಕೆಲಸ ಅಲ್ಲ, ಲ್ಯಾಬಿಗೆ ಕೊಡಿ, ವರದಿಯ ದಿನಾಂಕ ಬರೀರಿ.

ಮಿಶಿಗನ್ ಮಲ್ಲಿಗೆ
ಇಲ್ಲಿ ಅಮೆರಿಕದಲ್ಲಿ ಪ್ರತಿ ನೀರು ಸರಬರಾಜು ಸಂಸ್ಥೆ ವರ್ಷಕ್ಕೊಮ್ಮೆ, ಜುಲೈ 1ರೊಳಗೆ, ನೀರಿನಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಗ್ರಾಹಕರಿಗೆ ವರದಿ ಕೊಡಲೇಬೇಕು. ಕೇಳಿದ್ರೆ ಆಹಾ ಅನ್ನಿಸುತ್ತೆ. ಆದ್ರೆ ನಮ್ಮದೇ ರಾಜ್ಯದ ಫ್ಲಿಂಟ್‌ನಲ್ಲಿ ಆಗಿದ್ದು ಕೇಳಿ. 2014ರಲ್ಲಿ ಊರಿನ ನೀರಿನ ಮೂಲ ಬದಲಾಯಿಸಿದ್ರು, ಕೊಳವೆ ಕೊರೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ, ಹಳೇ ಕೊಳವೆಯ ಸೀಸ ನೀರಿಗೆ ಬಂತು. 2015ರ ಅಧಿಕೃತ ಪರೀಕ್ಷೆಯಲ್ಲಿ ಎರಡು ಮನೆಯ ಮಾದರಿಗಳನ್ನ ತಾಂತ್ರಿಕ ಕಾರಣ ಕೊಟ್ಟು ಕೈಬಿಟ್ರು. ಆ ಎರಡು ಸಾಲು ಅಳಿಸಿದ್ದೇ ತಡ, ಇಡೀ ಊರಿನ ಸೀಸದ ಅಂಕಿ 15ರ (ಲೀಟರಿಗೆ ಮೈಕ್ರೋಗ್ರಾಂ) ಮಿತಿಯ ಒಳಗೆ ಬಂದುಬಿಡ್ತು, ಕಾನೂನು ಪ್ರಕಾರ ಎಲ್ಲ ಸರಿ.

ಕೊನೆಗೆ ಬಯಲಿಗೆಳೆದದ್ದು ಊರ ಜನ ಮತ್ತು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು. 300 ಬಾಟಲಿ ಕಿಟ್ ಹಂಚಿದ್ರು, ಜನ ತಾವೇ ನೀರು ಹಿಡಿದು ವಾಪಸ್ ಕೊಟ್ಟದ್ದು ಸುಮಾರು 270. ಲೆಕ್ಕ 25ರ ಮೇಲೆ ಹೋಯ್ತು. ಎಲ್ಲ ಸಾಲನ್ನೂ ಹಾಗ್ಹಾಗೇ ವೆಬ್‌ನಲ್ಲಿ ಹಾಕಿದ್ರು. ಮಕ್ಕಳ ರಕ್ತದಲ್ಲಿನ ಸೀಸದ ಅಂಕಿಗಳನ್ನ ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ ಹೊರಗಿಟ್ಟ ಮೇಲೆ ಸರ್ಕಾರಕ್ಕೆ ಬೇರೆ ದಾರಿ ಉಳಿಯಲಿಲ್ಲ. ಅದಕ್ಕೇ ಹೇಳೋದು, ಒಟ್ಟು ಅಂಕಿ ಯಾರು ಬೇಕಾದ್ರೂ ಕೊಡ್ತಾರೆ. ಅಳಿಸದ ಸಾಲು ಬೇಕು. ಎರಡನೇ ಅಡ್ಡರಸ್ತೆ ಅವರೇ, ನಿಮ್ಮ ಪ್ರಶ್ನೆಗೂ ಇದೇ ನನ್ನ ಉತ್ತರ.

ಎರಡನೇ ಅಡ್ಡರಸ್ತೆ
ಅಮೆರಿಕ ಬಿಡಿ ಅಕ್ಕ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತು ಮಾಡ್ತು. 6,000 ಲೀಟರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ, 10ರ ಒಳಗೆ 750. ನಮ್ಮ ಕಡೆ ಆ ರೇಟಿಗೆ ಫೋನೇ ಎತ್ತಲಿಲ್ಲ. ಅಂಕಿ ಇತ್ತು, ನೀರು ಇರಲಿಲ್ಲ.

ಕೆರೆಕೋಡಿ
ನಿಜ. ಆದ್ರೆ ಅವತ್ತು ಯಾರು ಎಷ್ಟು ಕೊಟ್ರು ಅಂತ ಬರೆದಿಟ್ಟೋರು ಯಾರಿದ್ದಾರೆ? ಟ್ಯಾಂಕರ್‌ನವರು ಬಿಲ್ ಕೊಡಲ್ಲ, ನಾವು ಕೇಳಲ್ಲ. ದರ ಮೀರಿ ತಗೊಂಡ್ರು ಅಂತ ದೂರು ಕೊಡೋಕೆ ಹೋದ್ರೆ ಬರಿಗೈ. ಟ್ಯಾಂಕರ್ ಬಂದ ದಿನ, ಲೀಟರ್, ಕೊಟ್ಟ ದುಡ್ಡು. ಈ ಬೇಸಿಗೆಗೆ ನೀವೇ ಅದರ ಉಸ್ತುವಾರಿ ತಗೊಳ್ಳಿ ಅಣ್ಣ.

ಎರಡನೇ ಅಡ್ಡರಸ್ತೆ
ಸಿಕ್ಕಿಹಾಕ್ಕೊಂಡೆ ನೋಡು. ಆಯ್ತು, ನಮ್ಮ ಬೀದಿದು ಬರೀತೀನಿ. ಬೇರೆ ಬೀದಿದು ಕೇಳಬೇಡಿ.

ಕೆರೆಕೋಡಿ
ಹಾಗಾದ್ರೆ ಸದ್ಯಕ್ಕೆ ಎರಡು ಹಾಳೆ. ಜನರ ಹಾಳೆಯಲ್ಲಿ ಬೀದಿ, ಎತ್ತರವೋ ತಗ್ಗೋ, ನೀರು ಬಂದ ದಿನ, ಶುರು, ನಿಂತದ್ದು, ಬರದಿದ್ರೆ ಕಾರಣ, ಟ್ಯಾಂಕರ್ ಇದ್ರೆ ಅದರ ಖರ್ಚು. ಸಂಸ್ಥೆಯ ಹಾಳೆಯಲ್ಲಿ ಮೂಲ ಅಂಕಿಗಳು, ಎಲ್ಲಿ ಅಳೆದದ್ದು, ಯಾವ ದಾಖಲೆ, ಎಇಇ ಸರ್ ಹೇಳಿದ ಎ-ಬಿ-ಸಿ-ಡಿ. ಕ್ಲೋರಿನ್ ಅಂಕಿ ಜನರ ಹಾಳೆಗೇ ಸೇರಲಿ, ಕಿಟ್ ಇದ್ದವರು ತುಂಬಲಿ. ವಾಲ್ವ್ ಡೈರಿಯನ್ನ ಸಾರ್ವಜನಿಕವಾಗಿ ಹಾಕೋದಾ ಬೇಡ್ವಾ ಅನ್ನೋದು ನನಗಿನ್ನೂ ಅನುಮಾನ, ವಾಲ್ವಿನ ಜಾಗ ಎಲ್ಲರಿಗೂ ಗೊತ್ತಾದ್ರೆ ಯಾರು ಬೇಕಾದ್ರೂ ತಿರುಗಿಸ್ತಾರೆ.

ವಾಟರ್‌ಮನ್ ಮಗ
ಈಗಲೂ ತಿರುಗಿಸ್ತಾರೆ ಸಾರ್. ಆದ್ರೂ ಅಪ್ಪನ್ನ ಕೇಳಿ ಹೇಳ್ತೀನಿ. ಪುರಸಭೆಗೆ ಒಂದು ಪ್ರತಿ ಕೊಟ್ಟು ಅಲ್ಲಿಗೇ ಬಿಡೋದು ವಾಸಿ ಅನ್ಸುತ್ತೆ.

ಹುಬ್ಬಳ್ಳಿ ಓಣಿ
ಇವತ್ತಿಂದ ನಂದು ಚಾಲೂ ಮಾಡ್ತೇನಿ. ಒಂದು ಕೇಳೂದಿತ್ತು. ನೀರು ಬರದ ದಿನ ಏನು ಬರಿಬೇಕ್ರಿ? ಖಾಲಿ ಬಿಡ್ಲ್ಯೋ, ಸೊನ್ನೆ ಹಾಕ್ಲ್ಯೋ?

ನಿವೃತ್ತ ಎಇಇ
ನಳ ತಿರುಗಿಸಿ ನೋಡಿ ಬರಲಿಲ್ಲವೆಂದರೆ ಸೊನ್ನೆ ಹಾಕಮ್ಮ. ಊರಿಗೆ ಹೋಗಿದ್ದೆ, ನೋಡಲಿಲ್ಲ ಅಂದರೆ ಖಾಲಿ ಬಿಡು. ಎರಡನ್ನೂ ಬೆರೆಸಿದರೆ ಆಮೇಲೆ ಯಾರಿಂದಲೂ ಬಿಡಿಸಲು ಆಗುವುದಿಲ್ಲ.

ಹುಬ್ಬಳ್ಳಿ ಓಣಿ
ಹಂಗಾದ್ರ ಹೋದ ಸೋಮವಾರದಿಂದ ಇವತ್ತಿನ ತನಕ ಎಲ್ಲಾ ಸೊನ್ನೀನ ರೀ.